ಕೋವಿಯ ನಳಿಗೆಗೆ ಯಾವ ಬಾಟಲಿ? ಕೋವಿ ರಿಪೇರಿಯವರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕಾಪುವಿನಿಂದ): ನಮಸ್ಕಾರ ಅಣ್ಣಾ. ತಂದೆಯವರ ಕಾಲದ .315 ರೈಫಲ್ ಈಗ ನನ್ನ ಲೈಸೆನ್ಸಿಗೆ ಬಂದಿದೆ. ಕಡಲು ಮನೆಗೆ ಹತ್ತಿರ. ಆನ್‌ಲೈನಿನಲ್ಲಿ ನೋಡಿದರೆ ಬೋರ್ ಕ್ಲೀನರ್, ಕಾಪರ್ ಸಾಲ್ವೆಂಟ್, ಫೋಮ್, ಗನ್ ಆಯಿಲ್ ಅಂತ ಹತ್ತಾರು ಬಾಟಲಿ ತೋರಿಸುತ್ತದೆ. ಇಷ್ಟೂ ಬೇಕಾ? ತಂದೆಯವರು ಸೀಮೆಎಣ್ಣೆ, ತೆಂಗಿನೆಣ್ಣೆಯಲ್ಲೇ ಮುಗಿಸುತ್ತಿದ್ದರು.

ಉತ್ತರ: ಇಷ್ಟೂ ಬೇಡ ಮಾರಾಯ್ರೇ. ಬಾಟಲಿ ಆರಿಸುವ ಮೊದಲು ನಳಿಗೆಯೊಳಗೆ ಏನು ಕೂತಿದೆ ಅಂತ ನೋಡಬೇಕು. ತೋಟೆಯ (ಕಾರ್ಟ್ರಿಜ್) ಸಿಡಿಮದ್ದು ಸುಟ್ಟ ಮಸಿ ಒಂದು. ಗುಂಡಿನ ಮೇಲಿನ ಹೊದಿಕೆಯಿಂದ ಉಜ್ಜಿ ಉಳಿಯುವ ತಾಮ್ರ ಇನ್ನೊಂದು. ಹಳೆಯ ತೋಟೆಯಾದರೆ ಅದರ ಕ್ಯಾಪಿನಿಂದ, ಅಂದರೆ ಬುಡದಲ್ಲಿ ಕಿಡಿ ಹೊತ್ತಿಸುವ ಭಾಗದಿಂದ, ಬರುವ ಉಪ್ಪು ಮೂರನೆಯದು. ಒಂದಕ್ಕೆ ಆಗುವ ಬಾಟಲಿ ಇನ್ನೊಂದಕ್ಕೆ ಆಗುವುದಿಲ್ಲ.

ಮಸಿಗೆ ಸಾಮಾನ್ಯ ಬೋರ್ ಸಾಲ್ವೆಂಟ್, ಅಂದರೆ ನಳಿಗೆಯೊಳಗಿನ ಕೊಳೆ ಕರಗಿಸುವ ದ್ರವ, ಸಾಕು. ಹೊಪ್ಪೆಸ್ ನಂಬರ್ 9 ಅಂತ ಸಿಗುತ್ತದಲ್ಲ, 1903ರಿಂದ ಬಳಕೆಯಲ್ಲಿ ಇರುವಂಥದ್ದು, ಆ ಜಾತಿಯದ್ದು. ಸೀಮೆಎಣ್ಣೆಯೂ ಮಸಿ, ಜಿಡ್ಡು ಬಿಡಿಸುತ್ತದೆ. ತಂದೆಯವರು ಮಾಡಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅದು ತಾಮ್ರವನ್ನು ಮುಟ್ಟುವುದಿಲ್ಲ, ಉಪ್ಪನ್ನು ಕರಗಿಸುವುದಿಲ್ಲ, ಒಣಗಿದ ಮೇಲೆ ಉಕ್ಕಿಗೆ ಕಾವಲೂ ಇರುವುದಿಲ್ಲ. ಮೇಲಿಂದ ಎಣ್ಣೆ ಎಳೆಯಲೇಬೇಕು.

ಕಾಪರ್ ಸಾಲ್ವೆಂಟ್ ಪ್ರತಿ ಸಲ ಬೇಡ. ಗುರಿ ಚದುರಲು ಶುರುವಾದರೆ, ಅಥವಾ ನಳಿಗೆಯ ಬಾಯಿಯ ಹತ್ತಿರ ಟಾರ್ಚ್ ಬಿಟ್ಟಾಗ ಒಳಗೆ ಕೊರೆದ ಗೆರೆಗಳ ಮೇಲೆ ತಾಮ್ರದ ಬಣ್ಣ ಕಂಡರೆ ಮಾತ್ರ. ಇಂಥ ಸಾಲ್ವೆಂಟುಗಳಲ್ಲಿ ಹೆಚ್ಚಿನವುಗಳಲ್ಲಿ ಅಮೋನಿಯಾ ಇರುತ್ತದೆ. ಬಟ್ಟೆ ನೀಲಿ-ಹಸಿರಾಗಿ ಹೊರಬಂದರೆ ತಾಮ್ರ ಕರಗುತ್ತಿದೆ ಅಂತ ಲೆಕ್ಕ. ಅದನ್ನು ರಾತ್ರಿಯಿಡೀ ನಳಿಗೆಯಲ್ಲಿ ಬಿಟ್ಟು ಮಲಗಬೇಡಿ. ಲೇಬಲ್ಲಿನಲ್ಲಿ ಬರೆದಷ್ಟೇ ಹೊತ್ತು, ಆಮೇಲೆ ಪೂರ್ತಿ ಒರೆಸಿ ಎಣ್ಣೆ. ಕಿಟಕಿ ತೆರೆದಿರಲಿ. ಬ್ಲೀಚಿನ ಜೊತೆ ಅಪ್ಪಿತಪ್ಪಿಯೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಇದಕ್ಕೆ ನೈಲಾನ್ ಬ್ರಷ್ಷೇ ಬಳಸಿ. ಕಂಚಿನ ಬ್ರಷ್ಷಿನಲ್ಲೂ ತಾಮ್ರ ಇರುವುದರಿಂದ ಸಾಲ್ವೆಂಟ್ ಬ್ರಷ್ಷನ್ನೇ ತಿನ್ನುತ್ತದೆ. ಬಟ್ಟೆ ನೀಲಿಯಾಗುತ್ತಲೇ ಇರುತ್ತದೆ, ನೀವು ಸುಮ್ನೆ ಉಜ್ಜುತ್ತಲೇ ಇರುತ್ತೀರಿ.

ಉಪ್ಪಿನ ವಿಷಯ ನಮ್ಮ ಕರಾವಳಿಯವರು ಗಟ್ಟಿಯಾಗಿ ತಿಳಿದಿರಬೇಕು. ಹಳೆಯ ಕ್ಯಾಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ಹಾಗೇ ಗಾಳಿಯ ತೇವ ಹೀರುತ್ತದೆ. ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಅದರ ಮೇಲೆ ಎಷ್ಟು ದುಬಾರಿ ಗನ್ ಆಯಿಲ್ ಹಚ್ಚಿದರೂ ಕೆಳಗೆ ತುಕ್ಕು ತನ್ನ ಕೆಲಸ ಮಾಡುತ್ತಿರುತ್ತದೆ. ತೋಟೆ ಯಾವ ಕಾಲದ್ದು ಅಂತ ಅನುಮಾನ ಇದ್ದರೆ ಮೊದಲು ಬಿಸಿನೀರಿನ ಬಟ್ಟೆ, ಆಮೇಲೆ ಒಣಬಟ್ಟೆ, ಆಮೇಲೆ ಸಾಲ್ವೆಂಟ್, ಕೊನೆಗೆ ಎಣ್ಣೆ.

ನಿಮಗೆ ಒಂದು ಬೋರ್ ಸಾಲ್ವೆಂಟ್, ಒಂದು ಒಳ್ಳೆಯ ಗನ್ ಆಯಿಲ್ ಇದ್ದರೆ ವರ್ಷ ಕಳೆಯುತ್ತದೆ. ಉಳಿದ ದುಡ್ಡಿಗೆ ನಳಿಗೆ ಒರೆಸಲು ಒಳ್ಳೆಯ ರಾಡ್ ತೆಗೆದುಕೊಳ್ಳಿ. ಒಂದೇ ತುಂಡಿನದ್ದು, ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂಥದ್ದು. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು ಹಿಂದಿನಿಂದಲೇ ಹಾಕಿ. ಬಾಯಿಯ ಕಡೆಯಿಂದ ತುರುಕಿದರೆ ರಾಡ್ ಉಜ್ಜಿ ಬಾಯಿಯ ಅಂಚು ಸವೆಯುತ್ತದೆ. ಆಮೇಲೆ ಯಾವ ಬಾಟಲಿಯೂ ಗುರಿ ಸರಿ ಮಾಡುವುದಿಲ್ಲ. ಕೆಟ್ಟ ಸಾಲ್ವೆಂಟಿಗಿಂತ ಕೆಟ್ಟ ರಾಡ್ ಹಾಳು ಮಾಡಿದ ರೈಫಲುಗಳೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಇದೆಲ್ಲಕ್ಕೂ ಮೊದಲು ತೋಟೆ ಒಳಗಿಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿ. ತೋಟೆಗಳು ಆ ಕೋಣೆಯಲ್ಲೇ ಇರಬಾರದು.

ಪ್ರಶ್ನೆ (ಅವರೇ): ತೆಂಗಿನೆಣ್ಣೆ ಬೇಡವೇ ಬೇಡವಾ? ಡಬ್ಲ್ಯೂಡಿ-40 ಆಗ್ತದಾ?

ಉತ್ತರ: ತೆಂಗಿನೆಣ್ಣೆ ಪಲ್ಯಕ್ಕೆ, ತಲೆಗೆ. ಕೋವಿಗೆ ಬೇಡ. ಹಳತಾದರೆ ಕಮಟು ಬರುತ್ತದಲ್ಲ, ಆಗ ಅದರಲ್ಲಿ ಆಮ್ಲ ಹೆಚ್ಚಾಗಿರುತ್ತದೆ. ಜಿಗುಟಾಗಿ ಧೂಳು ಹಿಡಿಯುತ್ತದೆ. ಡಬ್ಲ್ಯೂಡಿ-40 ಹುಟ್ಟಿದ್ದೇ ನೀರನ್ನು ಓಡಿಸಲು. ಒದ್ದೆಯಾದ ಕೋವಿಗೆ ಮೊದಲ ಉಪಚಾರಕ್ಕೆ ಚೆನ್ನಾಗಿದೆ. ಆದರೆ ಅದರ ಪದರ ತೆಳು. ಆಟಿ (ಆಷಾಢ) ತಿಂಗಳ ಮಳೆಯನ್ನು ಅದರ ಭರವಸೆಯಲ್ಲಿ ಕಳೆಯಬೇಡಿ.

ಪ್ರಶ್ನೆ (ಕಾರ್ಕಳದಿಂದ): ನಮ್ಮದು ಕೇಪಿನ ಕೋವಿ, ಬಾಯಿಯಿಂದ ಮದ್ದು ತುಂಬುವಂಥದ್ದು, ತೋಟಕ್ಕೆ ಬರುವ ಮಂಗನನ್ನು ಬೆದರಿಸಲಿಕ್ಕೆ. ಕರಿಮದ್ದು. ಅದಕ್ಕೂ ಇದೇ ಸಾಲ್ವೆಂಟಾ?

ಉತ್ತರ: ಅಲ್ಲ. ಕರಿಮದ್ದಿಗೆ ಬಿಸಿನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು. ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ, ಅದಕ್ಕಿಂತ ಅಗ್ಗವೂ ಇಲ್ಲ. ಕರಿಮದ್ದು ಸುಟ್ಟರೆ ಅರ್ಧಕ್ಕಿಂತ ಹೆಚ್ಚು ಭಾಗ ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಬಹುಪಾಲು ಪೊಟ್ಯಾಸಿಯಂ ಲವಣಗಳು, ನೀರಿನಲ್ಲಿ ಕರಗುವಂಥವು. ಈಡು ಹೊಡೆದ ದಿನವೇ ತೊಳೆಯಿರಿ. ನಾಳೆಗೆ ಅಂತ ಇಟ್ಟರೆ ಬೆಳಿಗ್ಗೆಗೇ ಕೆಂಪು ಕಾಣಬಹುದು. ನೀರು ಚೆನ್ನಾಗಿ ಬಿಸಿ ಇದ್ದರೆ ನಳಿಗೆಯೂ ಬಿಸಿಯಾಗಿ ಬೇಗ ಒಣಗುತ್ತದೆ. ಹಳೆಯ ಬೈರಾಸಿನ (ಟವೆಲಿನ) ತುಂಡಿನಿಂದ ಒರೆಸಿ, ಎಣ್ಣೆ ಹಚ್ಚಿ. ಕೇಪ್ ಕೂರುವ ನಿಪ್ಪಲ್ ಬಿಚ್ಚಿ ತೊಳೆಯಲು ಮರೆಯಬೇಡಿ, ತುಕ್ಕು ಮೊದಲು ಅಲ್ಲೇ ಹಿಡಿಯುವುದು.

ಪ್ರಶ್ನೆ (ಮೂಡುಬಿದಿರೆಯಿಂದ): ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಇಡಲು ಹೇಳುತ್ತಾರೆ. ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಏನು ಹಚ್ಚಿ ಕೊಡಬೇಕು?

ಉತ್ತರ: ತೊಳೆದು, ಒಣಗಿಸಿ, ತುಕ್ಕು ತಡೆಯುವ ದಪ್ಪ ಎಣ್ಣೆ ಅಥವಾ ತೆಳುವಾಗಿ ಗ್ರೀಸ್. ಬೆರಳಿನ ಬೆವರಿನಲ್ಲೂ ಉಪ್ಪಿದೆ, ಹಾಗಾಗಿ ಹೊರಮೈಯನ್ನೂ ಕೊನೆಗೊಮ್ಮೆ ಎಣ್ಣೆಬಟ್ಟೆಯಿಂದ ಒರೆಸಿ. ಸ್ಪಂಜಿನ ಚೀಲ, ಚರ್ಮದ ಚೀಲ ಬೇಡ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆ ಹಚ್ಚಿದ ಹತ್ತಿಬಟ್ಟೆ ಸುತ್ತಿ. ವಾಪಸ್ ತಂದ ಮೇಲೆ ನಳಿಗೆಯ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯದೆ ಈಡು ಹೊಡೆಯಬಾರದು. ಒಳಗೆ ಅಡ್ಡ ಇದ್ದರೆ ಒತ್ತಡ ಏರಿ ನಳಿಗೆ ಉಬ್ಬಬಹುದು, ಸೀಳಲೂಬಹುದು. ತುಕ್ಕು ಕಂಡಿತು ಅಂತ ಮರಳುಕಾಗದ ಹಾಕಿ ತಿಕ್ಕಬೇಡಿ, ಉಕ್ಕಿನ ಮೇಲಿನ ಕಪ್ಪು-ನೀಲಿ ಪದರ, ಬ್ಲೂಯಿಂಗ್ ಅನ್ನುವುದು, ಹೋಗುತ್ತದೆ. ಮೇಲ್ಮೈಯ ತುಕ್ಕು ಎಣ್ಣೆ, ತೀರಾ ಸಣ್ಣ ಉಕ್ಕಿನ ಉಣ್ಣೆಯಲ್ಲಿ ಹೋಗುತ್ತದೆ. ತುಕ್ಕು ತಿಂದು ನಳಿಗೆಯೊಳಗೆ ಗುಂಡಿ ಬಿದ್ದಿದ್ದರೆ ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ.

ಪ್ರಶ್ನೆ (ಮಣಿಪಾಲದಿಂದ): ಸರ್, ಮಗಳು 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಇದೇ ಸಾಲ್ವೆಂಟ್ ಬಳಸಬಹುದಾ?

ಉತ್ತರ: ಬೇಡ ಅಮ್ಮಾ. ಅಲ್ಲಿ ಮದ್ದೇ ಇಲ್ಲ, ಮಸಿಯೂ ಇಲ್ಲ. ಸೀಸದ ಪುಡಿ ಮಾತ್ರ. ಸಾಲ್ವೆಂಟ್ ರಬ್ಬರ್ ಸೀಲುಗಳನ್ನು ಹಾಳು ಮಾಡುತ್ತದೆ. ಒತ್ತಡದ ಗಾಳಿಯ ಹತ್ತಿರ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳುವ ಅಪಾಯವೂ ಇದೆ. ನಳಿಗೆ ಒರೆಸಲು 4.5 ಮಿ.ಮೀ. ಫೆಲ್ಟ್ ಪೆಲೆಟ್, ಅಂದರೆ ಒತ್ತಿದ ಉಣ್ಣೆಯ ಸಣ್ಣ ತುಂಡು, ಸಿಗುತ್ತದೆ. ಎಷ್ಟು ಸಲಕ್ಕೊಮ್ಮೆ, ಹೇಗೆ ಅಂತ ರೈಫಲಿನ ಕೈಪಿಡಿಯಲ್ಲಿ ಬರೆದಿರುತ್ತದೆ, ಹಾಗೇ ಮಾಡಿ. ಅಭ್ಯಾಸ ಮುಗಿದ ಮೇಲೆ, ತಿಂಡಿಗೆ ಕೈ ಹಾಕುವ ಮೊದಲು ಸೋಪು ಹಾಕಿ ಕೈ ತೊಳೆಯಲು ಹೇಳಿ. ಸೀಸ ಹೊಟ್ಟೆಗೆ ಹೋಗಬಾರದು.