ಓದುಗರ ಸ್ಪಂದನ: ಅಂಗಡಿ ನನ್ನದು, ಶನಿವಾರ ಅವರದ್ದು

ಕಳೆದ ಸಂಚಿಕೆಯಲ್ಲಿ ಮಲೆನಾಡಿನ ಊರೊಂದರ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಗಂಡ ಶುರು ಮಾಡಿದ ಬಾಡಿಗೆ ಪುಸ್ತಕದ ಲೈಬ್ರರಿಯನ್ನು ಅವರು ತೀರಿಕೊಂಡ ಮೇಲೆ ಒಬ್ಬರೇ ನಡೆಸಿಕೊಂಡು ಬಂದವರು. ಒಟ್ಟು 27 ವರ್ಷ. ಕೊರೋನಾ ಮುಗಿದ ಮೇಲೆ ಊರಿನ ಹನ್ನೆರಡು ಹುಡುಗ ಹುಡುಗಿಯರು ತಾವಾಗಿಯೇ ಬಂದರು. ಪಟ್ಟಿ ಮಾಡಿದರು, ಗೋಡೆಗೆ ಬಣ್ಣ ಹೊಡೆದರು, ಶನಿವಾರ ಸಂಜೆ ಮಕ್ಕಳಿಗೆ ಕಥೆ ಓದಿದರು, ಮನೆಮನೆ ಸುತ್ತಿ ಸಾವಿರದಷ್ಟು ಪುಸ್ತಕ ತಂದರು. ಈಗ ಕಟ್ಟಡದವರು ಜಾಗ ಬಿಡಿ ಅಂದಿದ್ದಾರೆ. ಆಕೆಗೂ ಮಂಡಿನೋವು. ‘ತಿಂಗಳ ಕೊನೆಗೆ ಬಂದ್’ ಅಂತ ಬಾಗಿಲಿಗೆ ಚೀಟಿ ಅಂಟಿಸಿದರು. ಹುಡುಗರಿಗೂ ವಿಷಯ ಗೊತ್ತಾದದ್ದು ಆ ಚೀಟಿ ನೋಡಿಯೇ. ‘ಲೈಬ್ರರಿ ಉಳಿಸಿ’ ಎಂಬ ಪೋಸ್ಟರು ಎದ್ದಿತು. ತಂದ ಪುಸ್ತಕ ನಮ್ಮದು, ಹೆಸರೂ ನಮಗೆ ಬೇಕು ಎನ್ನುತ್ತಿದ್ದಾರೆ. ಲೈಬ್ರರಿಯ ವಾಟ್ಸ್ಆಪ್ ಗುಂಪಿನಿಂದ ಆಕೆಯನ್ನೇ ತೆಗೆದುಹಾಕಿದ್ದಾರೆ. ಆಕೆ ಕೇಳಿದ್ದು ಇಷ್ಟೇ: ‘ಎಲ್ಲ ಪುಸ್ತಕ ಮಾರಿ ಮುಚ್ಚಿದರೆ ನಾನು ತಪ್ಪು ಮಾಡಿದ ಹಾಗಾ?’

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದಕ್ಕೆ ಕತ್ತರಿ ಹಾಕುವ ಪ್ರಶ್ನೆಯೇ ಬರಲಿಲ್ಲ.

*

ಇಪ್ಪತ್ತೇಳು ವರ್ಷ ಗಿರಾಕಿಗಳ ಜೊತೆ ಮಾತಾಡಿದವರಿಗೆ ಈ ಹನ್ನೆರಡು ಮಕ್ಕಳ ಜೊತೆ ಕೂತು ಐದು ನಿಮಿಷ ಮಾತಾಡೋಕೆ ಆಗಲಿಲ್ವಾ? ಚೀಟಿ ಅಂಟಿಸೋದು ಬಾಡಿಗೆದಾರರಿಗೆ.

— ಹಾಸನದ ಓದುಗರು

*

ಅಕ್ಕಾ, ನೀವು ಏನೂ ತಪ್ಪು ಮಾಡಿಲ್ಲ. ಈ ಹುಡುಗರನ್ನು ಒಂದೇ ಮಾತು ಕೇಳಿ: ನಾಲ್ಕು ವರ್ಷದಲ್ಲಿ ಒಂದು ತಿಂಗಳ ಬಾಡಿಗೆ ಯಾರಾದ್ರೂ ಕಟ್ಟಿದ್ರಾ? ಕರೆಂಟ್ ಬಿಲ್ಲು? ಮಳೆಗಾಲದಲ್ಲಿ ಹೆಂಚು ಸೋರಿದಾಗ ಟಾರ್ಪಾಲು ತಂದವರು ಯಾರು? ನನ್ನದೂ ಚಿಕ್ಕ ಅಂಗಡಿ, ಫ್ಯಾನ್ಸಿ ಸ್ಟೋರು. ಹಬ್ಬದ ಸೀಸನ್ನಿನಲ್ಲಿ ಅಕ್ಕನ ಮಕ್ಕಳು ಬಂದು ಸಹಾಯ ಮಾಡ್ತಾರೆ. ಹಾಗಂತ ಗಲ್ಲಾಪೆಟ್ಟಿಗೆ ಕೀಲಿ ಕೊಡೋಕಾಗುತ್ತಾ ಮಾರಾಯ್ರೆ? ಪುಸ್ತಕ ಅಂದ ಕೂಡಲೇ ಅದು ದೇವಸ್ಥಾನ ಆಗಿಬಿಡುತ್ತದೆ. ಅಂಗಡಿ ಅಂಗಡಿಯೇ.

— ಪುತ್ತೂರಿನಿಂದ ಒಬ್ಬ ಅಂಗಡಿಯವರು

*

ಪುತ್ತೂರಿನವರ ಮಾತಿಗೆ ದನಿಗೂಡಿಸಿದ ಪತ್ರಗಳು ಬೇಕಾದಷ್ಟಿವೆ. ಅವರು ಗಲ್ಲಾಪೆಟ್ಟಿಗೆಯ ಲೆಕ್ಕ ಹೇಳಿದ್ದಾರೆ. ಮುಂದಿನವರ ಲೆಕ್ಕ ಬೇರೆ. ಪತ್ರ ಉದ್ದವಿದೆ, ಅರ್ಧಕ್ಕೆ ನಿಲ್ಲಿಸಲು ನಮಗೆ ಮನಸ್ಸಾಗಲಿಲ್ಲ.

*

ಆ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅಟ್ಟ ಹತ್ತಿ ಗೋಣಿಚೀಲ ಕೆಳಗಿಳಿಸಿದೆ. ಹೆಂಡತಿ ಏನಿದು ಧೂಳು ಅಂತ ಬೈದಳು. ಇಪ್ಪತ್ತು ವರ್ಷ ದಾಟಿದ ಧೂಳು.

ನಾನೂ ಇಂಥದೇ ಒಂದು ಲೈಬ್ರರಿಯ ಶನಿವಾರದ ಹುಡುಗ. ಆಗ ಪಿಯುಸಿ. ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ಹತ್ತಡಿ ಅಗಲ, ಹದಿನೈದಡಿ ಉದ್ದದ ಮಳಿಗೆ. ಮಾಲೀಕರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಸಂಬಳ ಇರಲಿಲ್ಲ. ಎಷ್ಟು ಬೇಕೋ ಅಷ್ಟು ಪುಸ್ತಕ ಪುಕ್ಕಟೆ ಒಯ್ಯಬಹುದಿತ್ತು. ನಾಲ್ಕು ಗಂಟೆಗೆ ಎದುರಿನ ಹೋಟೆಲಿನಿಂದ ಬೈಟು ಕಾಫಿ. ಅರ್ಧ ಅವರಿಗೆ, ಅರ್ಧ ನನಗೆ.

ನನ್ನ ಕೆಲಸ ಬೈಂಡಿಂಗ್. ಸುಧಾ, ತರಂಗಗಳಲ್ಲಿ ಬಂದ ಧಾರಾವಾಹಿಗಳನ್ನು ಹಾಳೆ ಹಾಳೆಯಾಗಿ ಬಿಡಿಸಿ, ಕಂತಿನ ಕ್ರಮದಲ್ಲಿ ಜೋಡಿಸಿ, ದಬ್ಬಳದಿಂದ ತೂತು ಹಾಕಿ ಹೊಲಿದು ರಟ್ಟು ಕಟ್ಟುವುದು. ಗೋಂದು ನಾವೇ ಕಾಯಿಸುತ್ತಿದ್ದೆವು. ಮೈದಾ ಹಿಟ್ಟು, ನೀರು, ಚಿಟಿಕೆ ಮೈಲುತುತ್ತ. ಮೈಲುತುತ್ತ ಮರೆತರೆ ಮಳೆಗಾಲದಲ್ಲಿ ಜಿರಲೆಗಳಿಗೆ ಹಬ್ಬ. ನಡುವೆ ಒಂದು ವಾರದ ಕಂತು ಇಲ್ಲದಿದ್ದರೆ ಊರೆಲ್ಲ ಹುಡುಕುತ್ತಿದ್ದೆ. ಹೆಚ್ಚಾಗಿ ಕ್ಷೌರದಂಗಡಿಯಲ್ಲಿ ಸಿಗುತ್ತಿತ್ತು. ಒಂದು ಕಾದಂಬರಿಯ ಹದಿನಾರನೇ ಕಂತು ಕೊನೆಗೂ ಸಿಗಲಿಲ್ಲ. ಅಲ್ಲೊಂದು ಬಿಳಿ ಹಾಳೆ ಇಟ್ಟು, ‘ಇಲ್ಲಿ ಅವರಿಬ್ಬರಿಗೆ ಜಗಳ ಆಗಿರಬೇಕು’ ಅಂತ ಮೇಷ್ಟ್ರು ಪೆನ್ಸಿಲ್‌ನಲ್ಲಿ ಬರೆದರು. ಹೆಂಗಸರು ಅದನ್ನೇ ಕೇಳಿ ಕೇಳಿ ಒಯ್ಯುತ್ತಿದ್ದರು.

ಆಮೇಲೆ ಮನೆಮನೆಗೆ ಕೇಬಲ್ ಬಂತು. ಧಾರಾವಾಹಿ ಟಿವಿಗೆ ಹೋಯಿತು. ನಾನು ಗಮನಿಸಿರಲಿಲ್ಲ. ಶನಿವಾರ ಗಿರಾಕಿ ಕಮ್ಮಿಯಾದರೆ ನನಗೆ ಓದೋಕೆ ಜಾಸ್ತಿ ಹೊತ್ತು ಸಿಗುತ್ತಿತ್ತು, ಅಷ್ಟೇ.

2001ರ ಒಂದು ಸೋಮವಾರ ಕಾಲೇಜಿಗೆ ಹೊರಟವನು ಮಳಿಗೆ ಮುಂದೆ ಗುಜರಿ ಗಾಡಿ ಕಂಡೆ. ತೂಗುತ್ತಿದ್ದರು. ರಟ್ಟಿಗೆ ರೇಟು ಬೇರೆಯಂತೆ. ಗುಜರಿಯವನು ಕಾಲಲ್ಲಿ ಪುಸ್ತಕ ಒತ್ತಿ ಹಿಡಿದು ರಟ್ಟು ಕೀಳುತ್ತಿದ್ದ. ನಾನು ಹೊಲಿದ ದಾರ ಗಟ್ಟಿಯಾಗಿತ್ತು, ಬೇಗ ಬರುತ್ತಿರಲಿಲ್ಲ. ಅವನು ನನ್ನನ್ನು ನೋಡಿ, ‘ಯಾವನಪ್ಪಾ ಇಷ್ಟು ಬಿಗಿದಿದ್ದು’ ಅಂದ.

ಮೇಷ್ಟ್ರಿಗೆ ನಾನು ಅಂದ ಮಾತು ಇಲ್ಲಿ ಬರೆಯಲಾರೆ. ಅವರು, ‘ನನ್ನ ಅಂಗಡಿ ಕಣೋ’ ಅಂದರು. ಅಷ್ಟೇ. ನನ್ನ ಹತ್ತಿರ ಒಂದು ಕೀಲಿ ಇತ್ತು. ಆ ರಾತ್ರಿ ಹೋಗಿ, ತೂಗಲು ಉಳಿದಿದ್ದರಲ್ಲಿ 43 ಬೈಂಡು ಹೊತ್ತು ತಂದೆ. ಕದ್ದೆ ಅಂತಲೇ ಇಟ್ಟುಕೊಳ್ಳಿ. ಅವರು ಪೊಲೀಸಿಗೆ ಹೋಗಲಿಲ್ಲ, ಮನೆಗೂ ಬರಲಿಲ್ಲ. ಒಂದು ಸಲ ಸಂತೆಯಲ್ಲಿ ಸೊಪ್ಪಿನವಳ ಮುಂದೆ ಎದುರುಬದುರು ಕೂತೆವು. ಇಬ್ಬರೂ ಮೆಂತ್ಯ ಸೊಪ್ಪು ಕೊಂಡೆವು. ಮಾತಿಲ್ಲ. ಎಂಟು ವರ್ಷ ಬಿಟ್ಟು ಅವರು ತೀರಿಕೊಂಡ ಸುದ್ದಿ ಬಂತು. ಆಗ ನಾನು ಹುಬ್ಬಳ್ಳಿಯಲ್ಲಿದ್ದೆ. ಹೋಗಲಿಲ್ಲ.

ಯಾಕೆ ಮೊದಲೇ ಹೇಳಲಿಲ್ಲ ಅಂತ ಇವತ್ತಿಗೂ ತಿಳಿಯದು. ‘ಹೇಳಿದ್ದರೆ ನೀವು ಮುಚ್ಚೋಕೆ ಬಿಡುತ್ತಿದ್ದಿರಾ?’ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಇರಬಹುದು. ಬಾಡಿಗೆ ಎಷ್ಟು, ಸಾಲ ಎಷ್ಟು ಅಂತ ನಾನೂ ಒಂದು ದಿನ ಕೇಳಿದವನಲ್ಲ. ನನಗೆ ಹೊಲಿಗೆ ಗೊತ್ತಿತ್ತು, ಲೆಕ್ಕ ಗೊತ್ತಿರಲಿಲ್ಲ.

ಆಕೆ ಕೇಳಿದ್ದು ಮಾರಬಹುದಾ ಅಂತ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಅಮ್ಮಾ, ತೂಗುವ ದಿನ ಯಾವುದು ಅಂತ ಆ ಹುಡುಗರಿಗೆ ಮೊದಲೇ ಹೇಳಿ. ಬಂದು ನೋಡುತ್ತಾರೋ ಬಿಡುತ್ತಾರೋ ಅವರಿಗೆ ಬಿಡಿ. ಹುಡುಗರಿಗೂ ಒಂದು ಮಾತು: ಕೀಲಿ ಇದ್ದರೆ ಇವತ್ತೇ ವಾಪಸ್ ಕೊಡಿ. ನನ್ನ 43 ಬೈಂಡುಗಳಲ್ಲಿ ಒಂದನ್ನೂ ನಾನು ಆಮೇಲೆ ಓದಿಲ್ಲ. ಮೈಲುತುತ್ತದ ಪುಣ್ಯ, ಹುಳ ಮಾತ್ರ ಬಿದ್ದಿಲ್ಲ.

— ಹುಬ್ಬಳ್ಳಿಯ ಒಬ್ಬ ಶಿಕ್ಷಕ

*

ಕಾನೂನು ಏನನ್ನುತ್ತದೆ ಎಂದು ಹಲವರು ಕೇಳಿದ್ದಾರೆ. ಮೈಸೂರಿನ ವಕೀಲರೊಬ್ಬರು ಚುಟುಕಾಗಿ ಬರೆದಿದ್ದಾರೆ.

*

ಚರ ವಸ್ತುವನ್ನು ಕೈಗೆ ಕೊಟ್ಟು, ಪಡೆದವರು ಒಪ್ಪಿಕೊಂಡರೆ ದಾನ ಮುಗಿಯಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122 ಮತ್ತು 123ನೇ ಕಲಂ ನೋಡಿ. ಆದ್ದರಿಂದ ಪುಸ್ತಕ ಕೊಟ್ಟವರು ಈಗ ಬಂದು ವಾಪಸ್ ಕೇಳುವುದು ಕಷ್ಟ. ಆದರೆ ಅವರು ಕೊಟ್ಟದ್ದು ಯಾರಿಗೆ? ‘ಲೈಬ್ರರಿಗೆ’ ಅಂದರೆ ಸಾಲದು. ಒಬ್ಬರ ಹೆಸರಿನಲ್ಲಿರುವ ಅಂಗಡಿಗೂ ಅದರ ಮಾಲೀಕರಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸ ಇಲ್ಲ. ಹಾಗೆ ನೋಡಿದರೆ ಅವು ಆಕೆಯವೇ. ‘ಮಕ್ಕಳ ಓದಿಗೆ ಪುಸ್ತಕ ಕೊಡಿ’ ಅಂತ ಹುಡುಗರ ಹೆಸರಿನಲ್ಲಿ ಕರಪತ್ರ ಹಂಚಿದ್ದರೆ ಮಾತು ಬೇರೆ. ಮೊದಲ ಪುಟ ತೆಗೆದು ಯಾರ ಸೀಲು ಇದೆ ನೋಡಿ.

ಹುಡುಗರಿಗೆ: 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಕಟ್ಟಲು ಏಳು ಜನ ಸಾಕು. ನೀವು ಹನ್ನೆರಡು ಜನ ಇದ್ದೀರಿ. ನಾಲ್ಕು ವರ್ಷ ಏನು ಮಾಡುತ್ತಿದ್ದಿರಿ?

— ಮೈಸೂರಿನ ವಕೀಲರು

*

ಕಥೆ ಓದುತ್ತಿದ್ದೆವು ಸಾರ್, ಎಂದು ಅವರು ಉತ್ತರಿಸಬಹುದು. ಮುಂದಿನ ಪತ್ರದಲ್ಲಿ ನಿವೃತ್ತ ಗ್ರಂಥಪಾಲಕರೊಬ್ಬರು ಪ್ರಶ್ನೆಯನ್ನು ಬೇರೆಡೆಗೆ ಎಳೆದೊಯ್ದಿದ್ದಾರೆ.

*

ಇಲ್ಲಿ ಯಾರೂ ಪುಸ್ತಕದ ಕಡೆಯಿಂದ ಯೋಚಿಸುತ್ತಿಲ್ಲ. ‘ಪುಸ್ತಕ ಇರುವುದು ಬಳಸಲಿಕ್ಕೆ’ ಎಂಬುದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದು. ಹುಡುಗರು ಗೆದ್ದು ಪುಸ್ತಕ ಒಯ್ದು ಯಾರದೋ ಮನೆ ಗ್ಯಾರೇಜಿನಲ್ಲಿ ಪೇರಿಸಿಟ್ಟರೆ ಗೆದ್ದದ್ದು ಗೆದ್ದಲು.

ಇನ್ನೊಂದು ಮಾತು. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಷ್ಟು ಗ್ರಂಥಾಲಯ ಸೆಸ್ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಆ ದುಡ್ಡು ನಿಮ್ಮ ಊರಿನಿಂದ ಎಷ್ಟು ಹೋಗುತ್ತಿದೆ, ಎಷ್ಟು ವಾಪಸ್ ಬರುತ್ತಿದೆ ಅಂತ ಕೇಳುವ ಪೋಸ್ಟರು ಯಾರೂ ಹಿಡಿಯುವುದಿಲ್ಲ. ಮಂಡಿನೋವಿನ ಹೆಂಗಸಿನ ಮನೆ ಮುಂದೆ ಹಿಡಿಯುವುದು ಸುಲಭ. ಗ್ರಾಮ ಪಂಚಾಯ್ತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಮಕ್ಕಳನ್ನು ಓದಿಗೆ ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳು ಬರುತ್ತಿದ್ದಾರೆ, ಕಥೆ ಓದಿ ಹೇಳುವವರು ಕಮ್ಮಿ. ಹೋಗಿ ಕೇಳಿ. ಬರಿಗೈಯಲ್ಲಿ ಹೋಗಬೇಡಿ, ಪುಸ್ತಕದ ಪಟ್ಟಿ ಹಿಡಿದು ಹೋಗಿ. ಪಟ್ಟಿ ಇಲ್ಲದೆ ಬರುವ ದಾನಕ್ಕೆ ನಾವು ಗ್ರಂಥಪಾಲಕರು ಹೆದರುತ್ತೇವೆ. ಅರ್ಧ ಹಳೇ ಗೈಡುಗಳೇ ಇರುತ್ತವೆ.

— ತುಮಕೂರು

*

ಇಲ್ಲಿನ ಚರ್ಚ್ ಸ್ಟ್ರೀಟಿನ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಮುಚ್ಚಿದಾಗ ನನಗೂ ಹೊಟ್ಟೆ ಉರಿದಿತ್ತು. ಪೇರಿಸಿಟ್ಟ ಪುಸ್ತಕಗಳ ನಡುವೆ ಮಾಲೀಕರಾದ ಶಾನಭಾಗರು ಕೂತಿರುತ್ತಿದ್ದರು, ಕೇಳದೆಯೇ ಡಿಸ್ಕೌಂಟು ಕೊಡುತ್ತಿದ್ದರು. ಅಷ್ಟೆಲ್ಲ ಕೊಂಡೆ, ಗಂಟೆಗಟ್ಟಲೆ ನಿಂತೆ. ಆದರೂ ಅದು ನನ್ನದು ಅನ್ನಿಸಲಿಲ್ಲ. ಅವರ ನಂತರ ಆ ಪೇರಿಯಿಂದ ಬೇಕಾದ ಪುಸ್ತಕ ಎಳೆಯೋಕೆ ಯಾರಿಗೆ ಬರುತ್ತಿತ್ತು ಹೇಳಿ? ಕೆಲವು ಅಂಗಡಿಗಳು ಆ ಮನುಷ್ಯನ ಜೊತೆಗೇ ಮುಗಿಯಬೇಕು. ಹೆಸರು ಕೊಡಬೇಡಿ ಮೇಡಂ.

— ಬೆಂಗಳೂರು, ಮಲ್ಲೇಶ್ವರ

*

ಬೆಂಗಳೂರಿನವರು ಗಿರಾಕಿಯಾಗಿ ನಿಂತು ಹೇಳಿದರು. ಒಳಗೆ ಕಸ ಗುಡಿಸಿದವರಿಗೆ ಹೇಗನ್ನಿಸುತ್ತದೆ? ಈ ಪತ್ರ ಆ ಹನ್ನೆರಡು ಜನರಲ್ಲಿ ಒಬ್ಬರದ್ದಿರಬಹುದು, ಇಲ್ಲದೆಯೂ ಇರಬಹುದು. ನಾವು ಕೇಳಲಿಲ್ಲ.

*

ಆಂಟಿ ಬರೆದಿದ್ದನ್ನು ಓದಿದೆವು. ‘ಸುಮ್ನೆ ಬಂದು ಹೋಗುವ ಹುಡುಗರು’ ಎಂಬ ಸಾಲಿನ ಹತ್ತಿರ ನಿಂತೆವು.

ಒಂದು ಶನಿವಾರ ಕರೆಂಟ್ ಹೋಗಿ, ಹೊರಗೆ ಸುರಿಯುವ ಮಳೆ. ಹದಿನೇಳು ಮಕ್ಕಳು ಮೊಬೈಲ್ ಟಾರ್ಚಿನಲ್ಲಿ ಕಥೆ ಕೇಳಿದರು. ಆಂಟಿ ಒಳಗಿನಿಂದ ಹಲಸಿನ ಹಪ್ಪಳ ಸುಟ್ಟು ತಂದುಕೊಟ್ಟರು. ನಮಗೆ ಅವತ್ತು ಇದು ಅವರ ಅಂಗಡಿ, ನಾವು ಹೊರಗಿನವರು ಅನ್ನಿಸಲಿಲ್ಲ. ಅವರಿಗೆ ಅನ್ನಿಸಿತ್ತಾ?

ಗುಂಪಿನಿಂದ ತೆಗೆದದ್ದು ತಪ್ಪು. ಒಬ್ಬ ಸಿಟ್ಟಿನಲ್ಲಿ ಮಾಡಿದ, ಉಳಿದವರು ಸುಮ್ಮನಿದ್ದೆವು. ವಾಪಸ್ ಸೇರಿಸಿದ್ದೇವೆ. ದೊಡ್ಡವರ ಕಾದಂಬರಿಗಳು, ಬೀರು, ಫ್ಯಾನು ಯಾವುದೂ ಬೇಡ. ಮಕ್ಕಳ ಪುಸ್ತಕ ಕೊಟ್ಟರೆ ಸಾಕು. ಹೆಸರಿನ ಬಗ್ಗೆ ನಮ್ಮಲ್ಲೇ ಒಮ್ಮತ ಇಲ್ಲ.

— ಊರು ಬೇಡ

*

‘ಊರು ಬೇಡ’ ಎಂದವರಿಗೆ ಒಂದು ಮಾಹಿತಿ: ಆಕೆ ಈ ಪುಟವನ್ನು ತಪ್ಪದೆ ಓದುತ್ತಾರೆ. ಇನ್ನೆರಡು ಪತ್ರಗಳಿಗೆ ಜಾಗ ಇದೆ.

*

ಎಲ್ಲ ಸರಿ. ಮೆಂಬರ್‌ಗಳ ಡಿಪಾಸಿಟ್ ಯಾರು ವಾಪಸ್ ಕೊಡ್ತಾರೆ? ನಮ್ಮ ಬಡಾವಣೆಯ ಲೈಬ್ರರಿ ಮುಚ್ಚಿದಾಗ ನನ್ನ 500 ರೂಪಾಯಿ ಹೋಯಿತು. ನ್ಯಾಯವಾಗಿ ಹೇಳಬೇಕಂದ್ರೆ ಅವರ ಎರಡು ಪುಸ್ತಕ ನನ್ನ ಹತ್ತಿರವೇ ಇವೆ.

— ದಾವಣಗೆರೆ

*

ಆಕೆ ರ‍್ಯಾಕುಗಳನ್ನು ಮಾರುತ್ತಾರಾ? ತೇಗದ್ದಾ, ಹಲಸಿನದ್ದಾ? ಸೊರಬದ ಕಡೆಯಾದರೆ ನಾನೇ ಗಾಡಿ ತರುತ್ತೇನೆ.

— ಶಿರಸಿ

*

ರ‍್ಯಾಕಿನ ವಿಚಾರವನ್ನು ಆಕೆಗೆ ಫೋನಿನಲ್ಲಿ ತಿಳಿಸಿದೆವು. ಹಲಸಿನವಂತೆ, ಒಂಬತ್ತು ಇವೆಯಂತೆ. ಗೋಡೆಯ ಕೆಳಗಿದ್ದ ಎರಡು ಗಿಡ್ಡ ರ‍್ಯಾಕು ಮಾತ್ರ ಮಾರಾಟಕ್ಕಿಲ್ಲ. ಅವನ್ನು ಹೋದ ಶನಿವಾರ ಯಾರೋ ಆರು ಜನ ಬಂದು, ಪುಸ್ತಕ ಸಮೇತ ಹೊತ್ತುಕೊಂಡು ಹೋದರಂತೆ. ಯಾರು ಎಂದು ಕೇಳಿದ್ದಕ್ಕೆ, ‘ಇನ್ಯಾರು, ನಮ್ಮ ಹುಡುಗರೇ’ ಎಂದರು.

— ಸಂ.