ಕಡಲಡಿಯ ಬಂಡೆ 'ಉಕ್ಕುತ್ತದೆ' ಅನ್ನಬಹುದೇ?

ಗೆಳೆಯರೇ, ಒಂದು ಕ್ರಿಯಾಪದ ಹುಡುಕುತ್ತಿದ್ದೇನೆ.

ಸಾಗರದ ನಡುವಿನ ಪರ್ವತಸಾಲುಗಳ ಬಗ್ಗೆ ಮಕ್ಕಳಿಗೊಂದು ಲೇಖನ ಬರೆಯುತ್ತಿದ್ದೇನೆ. ಅಲ್ಲಿ ಎರಡು ಭೂಫಲಕಗಳು (ಭೂಮಿಯ ಗಟ್ಟಿ ಹೊರಪದರದ ಬೃಹತ್ ತುಂಡುಗಳು) ಒಂದರಿಂದೊಂದು ದೂರ ಸರಿಯುತ್ತವೆ. ಅಟ್ಲಾಂಟಿಕ್‌ನಲ್ಲಿ ವರ್ಷಕ್ಕೆ 2ರಿಂದ 5 ಸೆಂಟಿಮೀಟರ್, ಪೂರ್ವ ಪೆಸಿಫಿಕ್‌ನ ಕೆಲವು ಕಡೆ 15ರ ಹತ್ತಿರ. ತೆರವಾದ ಜಾಗಕ್ಕೆ ಮ್ಯಾಂಟಲ್‌ನ, ಅಂದರೆ ಭೂಮಿಯ ತೊಗಟೆಯ ಕೆಳಗಿನ ದಪ್ಪ ಪದರದ, ಬಂಡೆ ಏರಿ ಬಂದು, ಎರಡೂ ಮಗ್ಗುಲಿಗೆ ಹೊರಳಿ, ಫಲಕಗಳ ಅಡಿಯಲ್ಲೇ ಸಾಗುತ್ತದೆ. ಈ ಚಲನೆಯನ್ನು ಕಂಪ್ಯೂಟರ್ ಮಾದರಿಗಳಲ್ಲಿ ಲೆಕ್ಕ ಹಾಕಿ ನೋಡುತ್ತಾರೆ.

ಕರಡನ್ನು ಅಕ್ಕನ ಮಗಳಿಗೆ ಓದಲು ಕೊಟ್ಟೆ. ಅವಳು ಅಂಚಿನಲ್ಲೇ ಪೆನ್ಸಿಲ್‌ನಿಂದ ಚಿತ್ರ ಬರೆದಳು. ಫಲಕಗಳು ಚೆನ್ನಾಗಿ ಬಂದಿದ್ದವು. ಆದರೆ ಅವುಗಳ ಕೆಳಗೂ ಕಡಲಿಗೆ ಹಾಕಿದಂಥದ್ದೇ ಅಲೆಅಲೆ ಗೆರೆಗಳು! "ಹರಿಯುತ್ತೆ ಅಂತ ನೀನೇ ಬರೆದಿದ್ದೀಯಲ್ವಾ ಚಿಕ್ಕಮ್ಮ?" ಅಂದಳು.

ತಪ್ಪು ಅವಳದ್ದಲ್ಲ. ಮ್ಯಾಂಟಲ್ ಗಟ್ಟಿ ಬಂಡೆ ಅಂತ ನಾನು ಮೊದಲೇ ಬಿಡಿಸಿ ಹೇಳಬೇಕಿತ್ತು. ಭೂಕಂಪದ ಅಡ್ಡ ಅಲೆಗಳು (ಸಾಗುವ ದಿಕ್ಕಿಗೆ ಅಡ್ಡಲಾಗಿ ಅಲುಗಿಸುವವು) ದ್ರವದಲ್ಲಿ ಸಾಗುವುದೇ ಇಲ್ಲ, ಮ್ಯಾಂಟಲ್‌ನಲ್ಲಿ ಸಾಗುತ್ತವೆ. ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, 1 ಅಂದುಕೊಂಡರೆ ಈ ಬಂಡೆಯದ್ದು 1ರ ಮುಂದೆ 20ಕ್ಕೂ ಜಾಸ್ತಿ ಸೊನ್ನೆ. ಹಾಗಿದ್ದೂ ಲಕ್ಷಾಂತರ ವರ್ಷಗಳಲ್ಲಿ ಅದು ಹರಿಯುತ್ತದೆ.

'ಹರಿ' ಬಿಟ್ಟು ಬೇರೆ ಪದ ಹಾಕೋಣವೇ ಅಂತ ಯೋಚಿಸಿದೆ. 'ಜರುಗು' ಅಂದರೆ ಇಡಿಯಾಗಿ ಪಕ್ಕಕ್ಕೆ ಸರಿದಂತೆ. ಫಲಕಕ್ಕೆ ಅದು ಸರಿ. ಆದರೆ ಮ್ಯಾಂಟಲ್‌ನಲ್ಲಿ ಒಂದೊಂದು ಹರಳೂ ಆಕಾರ ಬದಲಿಸುತ್ತದೆ. ಅಲ್ಲಿನ ಆಲಿವಿನ್ ಎಂಬ ಖನಿಜದ ಹರಳುಗಳು ಬಂಡೆ ಹೋದ ದಿಕ್ಕಿಗೇ ತಿರುಗಿ ಸಾಲುಗಟ್ಟುತ್ತವೆ. ಆ ದಿಕ್ಕಿನಲ್ಲಿ ಭೂಕಂಪದ ಅಲೆ ತುಸು ಬೇಗ ಓಡುತ್ತದೆ. ಕಡಲ ತಳದ ಕೆಳಗಿನ ಈ ವ್ಯತ್ಯಾಸವನ್ನು ಭೂವಿಜ್ಞಾನಿ ಹ್ಯಾರಿ ಹೆಸ್ 1964ರಲ್ಲೇ ತೋರಿಸಿದ್ದರು. ಇಷ್ಟೆಲ್ಲ 'ಜರುಗು' ಪದದಲ್ಲಿ ಬರುವುದಿಲ್ಲ. 'ತೆವಳು' ಅಂದರೆ ನೆಲದ ಮೇಲೆ ಯಾವುದೋ ಜೀವಿ ಹೋದ ಹಾಗೆ.

ಆಮೇಲೆ ಹೊಳೆಯಿತು, ನಮ್ಮ 'ಹರಿ' ಬರೀ ನೀರಿನದ್ದಲ್ಲ. ಹಾವು ಹರಿಯುತ್ತದೆ, ತೇರು ಹರಿಯುತ್ತದೆ, ಕಾಲಿನ ಮೇಲೆ ಗಾಡಿ ಹರಿಯುತ್ತದೆ, ಮನಸ್ಸೂ ಅತ್ತ ಹರಿಯುತ್ತದೆ. ಹಾಗಾಗಿ ಅದನ್ನೇ ಉಳಿಸಿಕೊಂಡಿದ್ದೇನೆ. 'ಗಟ್ಟಿಯಾಗಿದ್ದುಕೊಂಡೇ ಹರಿಯುತ್ತದೆ' ಅಂತ ಮೊದಲ ಸಲ ಹೇಳಿಬಿಟ್ಟರೆ ಸಾಕು ಅನ್ನಿಸುತ್ತದೆ. ಕರಗಿದ ಅಂಶಕ್ಕೆ 'ಜಿನುಗು'. ಮೇಲೇರುವಾಗ ಒತ್ತಡ ಇಳಿದು ಬಂಡೆಯ ಸ್ವಲ್ಪ ಪಾಲು ಮಾತ್ರ ಕರಗುತ್ತದೆ, ಅದು ಹರಳುಗಳ ಸಂದಿಯಲ್ಲಿ ಜಿನುಗಿ ಮೇಲೆ ಸೇರುತ್ತದೆ. 6-7 ಕಿಲೋಮೀಟರ್ ದಪ್ಪದ ಸಾಗರ ತೊಗಟೆ ಆಗುವುದು ಅದರಿಂದಲೇ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಆ ಮೇಲೇರುವಿಕೆ. ಕರಡಿನಲ್ಲಿ 'ಉಕ್ಕುತ್ತದೆ' ಅಂತ ಬರೆದಿದ್ದೆ. ಕಡಲು ಉಕ್ಕಿತು, ಅಳು ಉಕ್ಕಿ ಬಂತು ಅನ್ನುತ್ತೇವೆ. ಒಳಗಿನ ಒತ್ತಡ ತಾನೇ ಹೊರಗೆ ನುಗ್ಗಿದ ಭಾವ ಅದರಲ್ಲಿದೆ. ಹಾಗೆ ಬರೆದರೆ ಕೆಳಗಿನ ಬಂಡೆಯೇ ಫಲಕಗಳನ್ನು ಸೀಳಿ ದೂರ ತಳ್ಳಿತು ಅಂತ ಅರ್ಥವಾಗುತ್ತದೆ. ಬಹುಪಾಲು ಕಡೆ ನಡೆಯುವುದು ತಿರುಗಾಮುರುಗಾ. ಫಲಕದ ಇನ್ನೊಂದು ತುದಿ ಎಲ್ಲೋ ದೂರದಲ್ಲಿ ಮ್ಯಾಂಟಲ್‌ಗೆ ಮುಳುಗುತ್ತಾ ಇಡೀ ಫಲಕವನ್ನು ಎಳೆಯುತ್ತದೆ. ಇಲ್ಲಿ ಜಾಗ ತೆರವಾಗುತ್ತದೆ, ಬಂಡೆ ಮೇಲೆ ಬರುತ್ತದೆ. 1995-96ರಲ್ಲಿ ಪೂರ್ವ ಪೆಸಿಫಿಕ್‌ನ ತಳಕ್ಕೆ ಭೂಕಂಪಮಾಪಕಗಳನ್ನು ಇಳಿಬಿಟ್ಟು ನೋಡಿದಾಗ, ಕರಗಿದ ಅಂಶ ಕಿರಿದಾದ ಕಂಬದ ಹಾಗೆ ನಿಂತಿರಲಿಲ್ಲ. ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿತ್ತು. ಉಕ್ಕಿ ಬಂದಿದ್ದರೆ ಕಂಬದಂತೆ ಕಾಣಬೇಕಿತ್ತು, ಅಲ್ವಾ?

ಇದಕ್ಕೆ ನನಗೆ ತೋಚಿದ್ದು 'ಸೇದು'. ಬಾವಿಯ ನೀರು ತಾನಾಗಿ ಏರುವುದಿಲ್ಲ, ಮೇಲಿನಿಂದ ಸೇದಬೇಕು. 'ದೂರ ಸರಿಯುವ ಫಲಕಗಳು ಕೆಳಗಿನ ಬಂಡೆಯನ್ನು ಮೇಲಕ್ಕೆ ಸೇದಿಕೊಳ್ಳುತ್ತವೆ' ಅಂದರೆ ಎಳೆಯುವವರು ಯಾರು ಅನ್ನುವುದು ಪದದಲ್ಲೇ ಇದೆ. 'ಹೀರು' ಕೂಡ ನೋಡಿದೆ, ಆದರೆ ಹೀರಿದ್ದು ಹೀರಿದವರ ಹೊಟ್ಟೆ ಸೇರುತ್ತದೆ. ಹಗುರವಾದ ಬಿಸಿ ಬಂಡೆ ತನ್ನ ತೇಲುವ ಬಲದಿಂದಲೇ ಏರುವ ಮಾದರಿಗಳೂ ಇವೆ. 'ಉಕ್ಕು' ಪದವನ್ನು ಅವಕ್ಕೆ ಮೀಸಲಿಡಬಹುದು.

ಈಗ ಎರಡು ಪ್ರಶ್ನೆ. ಗಟ್ಟಿ ವಸ್ತುವಿಗೆ 'ಸೇದು' ಹೇಳಿದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಒಪ್ಪಿದರೆ ಅದರ ನಾಮಪದ ಏನಾಗಬೇಕು? 'ಸೇದುವಿಕೆ' ಸಪ್ಪೆ ಅನ್ನಿಸುತ್ತಿದೆ. 'ಸೇದೇರಿಕೆ' ಅಂತ ಕಟ್ಟಿದ್ದೇನೆ, ಚಿತ್ರದ ಬಾಣದ ಪಕ್ಕ ಬರೆಯಲು ಇನ್ನೂ ಧೈರ್ಯ ಬಂದಿಲ್ಲ.