ನಾರ್ಮಂಡಿ ಹಡಗಿನ ಪೋಸ್ಟರ್ ಸಿಕ್ಕಿದೆ, 1935ರದ್ದೇನಾ?

ಪ್ರಶ್ನೆ: ಮೇಡಂ, ನೀವು ಹಳೇ ಕಾಗದ, ಪೋಸ್ಟರ್ ಸರಿಪಡಿಸುವವರು ಅಂತ ಗೊತ್ತಾಯಿತು. ಹೋದ ತಿಂಗಳು ಮುಂಬೈನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ನಾರ್ಮಂಡಿ ಹಡಗಿನ ಪೋಸ್ಟರ್ ಕೊಂಡೆ. ಕಪ್ಪು ಹಡಗು ನೇರ ನಮ್ಮ ಮೇಲೇ ಬರುವ ಹಾಗಿದೆ. ಕೆಳಗೆ ಲೆ ಹಾವ್ರ್, ಸೌತಾಂಪ್ಟನ್, ನ್ಯೂಯಾರ್ಕ್ ಅಂತಿದೆ. 1935ರ ಒರಿಜಿನಲ್ ಅಂದರು. ನಂಬಬಹುದಾ? ನಮ್ಮದು ಮಂಗಳೂರು, ಮಳೆಗಾಲದ ಭಯಕ್ಕೆ ಲ್ಯಾಮಿನೇಷನ್ ಮಾಡಿಸೋಣ ಅಂತಿದ್ದೇನೆ.

ಉತ್ತರ: ಲ್ಯಾಮಿನೇಷನ್ ಬೇಡವೇ ಬೇಡ ಸರ್, ಮೊದಲು ಅದನ್ನು ನಿಲ್ಲಿಸಿ. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ ಮತ್ತೆ ಸುಲಭಕ್ಕೆ ಬಿಡುವುದಿಲ್ಲ, ಕಿತ್ತರೆ ಬಣ್ಣವೂ ಕಿತ್ತು ಬರುತ್ತದೆ.

ಇನ್ನು ಪೋಸ್ಟರ್. ಇದು ಎ. ಎಂ. ಕಸಾಂದ್ರ್ ಎಂಬ ಕಲಾವಿದ ಫ್ರೆಂಚ್ ಹಡಗು ಕಂಪನಿಗೆ ಮಾಡಿಕೊಟ್ಟದ್ದು. ನಾರ್ಮಂಡಿ ಆ ಕಂಪನಿಯ ಪ್ರಯಾಣಿಕರ ಹಡಗು, ಅದು ಮೊದಲ ಸಲ ಅಟ್ಲಾಂಟಿಕ್ ದಾಟಲು ಹೊರಟದ್ದು 1935ರ ಮೇ 29ರಂದು. ತುಂಬಾ ಹೆಸರಾದ ಪೋಸ್ಟರ್, ಹಾಗಾಗಿಯೇ ಮರುಮುದ್ರಣಗಳೂ ಲೆಕ್ಕವಿಲ್ಲದಷ್ಟು ಬಂದಿವೆ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಥರದ ಮಸೂರ ಒಂದು ತನ್ನಿ. ಬಣ್ಣ ನಿಧಾನವಾಗಿ ತಿಳಿಯಾಗುವ ಜಾಗದಲ್ಲಿ ಇಟ್ಟು ನೋಡಿ. ಆಗ ಅದನ್ನು ಲಿಥೋದಲ್ಲಿ ಅಚ್ಚು ಹಾಕುತ್ತಿದ್ದರು, ಅಂದರೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು ಅಥವಾ ಸತುವಿನ ತಗಡು, ಮತ್ತು ನೆರಳು ಬೇಕಾದ ಕಡೆ ಮಸಿಯನ್ನು ಸಿಂಪಡಿಸಿದ ಹನಿಗಳು. ಆ ಹನಿಗಳು ರಂಗೋಲಿ ಪುಡಿ ಉದುರಿಸಿದ ಹಾಗೆ ಒಂದು ಸಣ್ಣದು, ಒಂದು ದೊಡ್ಡದು ಇರುತ್ತವೆ. ಈಗಿನ ಆಫ್‌ಸೆಟ್ ಮುದ್ರಣದಲ್ಲಾದರೆ ಚುಕ್ಕಿಗಳು ಸಾಲಾಗಿ, ಲೆಕ್ಕ ಹಾಕಿ ಜೋಡಿಸಿದಂತೆ ಕಾಣುತ್ತವೆ. ಅಳತೆಯನ್ನೂ ತೆಗೆದುಕೊಳ್ಳಿ. ಒರಿಜಿನಲ್ ಸುಮಾರು 100 ಸೆಂ.ಮೀ. ಎತ್ತರ, 62 ಸೆಂ.ಮೀ. ಅಗಲ. ಗೋಡೆಗೆ ಅಂಟಿಸುವುದಕ್ಕೆಂದೇ ಮಾಡಿದ್ದು, ಹಾಗಾಗಿ ಕಾಗದ ತೆಳು.

ಇನ್ನೊಬ್ಬ ಸದಸ್ಯರು: ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ಹಡಗನ್ನು ಪಕ್ಕದಿಂದ ತೋರಿಸದೆ ಹೀಗೆ ಎದುರಿನಿಂದ ಯಾಕೆ ತೋರಿಸಿದರು? ಉದ್ದ ಕಾಣಿಸುವುದೇ ಇಲ್ಲ ಅಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ, ನನಗೆ ಬಹಳ ಇಷ್ಟದ ವಿಷಯ. ಅದಕ್ಕೆ ಮೊದಲಿನ ಜಾಹೀರಾತುಗಳಲ್ಲಿ ಹಡಗು ಸಾಮಾನ್ಯವಾಗಿ ಪಕ್ಕದಿಂದಲೋ ಓರೆಯಾಗಿಯೋ ಇರುತ್ತಿತ್ತು, ಹೊಗೆ ಕೊಳವೆಗಳನ್ನು ಎಣಿಸಬಹುದಿತ್ತು. ಕೊಳವೆ ಜಾಸ್ತಿ ಇದ್ದರೆ ಹಡಗಿಗೆ ಬಲ ಜಾಸ್ತಿ ಅಂತ ಜನ ನಂಬಿದ್ದರು. ಟೈಟಾನಿಕ್‌ನ ನಾಲ್ಕನೆಯ ಕೊಳವೆ ಬಾಯ್ಲರ್ ಹೊಗೆಗೆ ಇದ್ದದ್ದಲ್ಲ, ಗಾಳಿಯಾಡಲು. ನಾರ್ಮಂಡಿಗೆ ಮೂರು ಕೊಳವೆ ಇದ್ದವು, ಅದರಲ್ಲೂ ಮೂರನೆಯದು ತೋರಿಕೆಗೆ. ಕಸಾಂದ್ರ್ ಆ ಎಣಿಕೆಯನ್ನೇ ಬಿಟ್ಟ. ನೋಡುವವರನ್ನು ನೀರಿನ ಮಟ್ಟಕ್ಕೆ ಇಳಿಸಿ ನಿಲ್ಲಿಸಿದ. ಹಡಗಿನ ಬುಡದ ಹತ್ತಿರ ಪುಟ್ಟ ಬಿಳಿ ಹಕ್ಕಿಗಳ ಗುಂಪು ಇದೆ, ಗಮನಿಸಿದ್ದೀರಾ? ಅವುಗಳನ್ನು ಬೆರಳಿನಿಂದ ಮುಚ್ಚಿ ನೋಡಿ, ಹಡಗು ತಟ್ಟನೆ ಚಿಕ್ಕದಾಗುತ್ತದೆ. 313 ಮೀಟರ್ ಉದ್ದದ ಹಡಗಿನ ಗಾತ್ರವನ್ನು ಆ ಹಕ್ಕಿಗಳೇ ಹೇಳುತ್ತವೆ.

ಕಂಪನಿಗಳಿಗೂ ಆಗ ಪ್ರಯಾಣಿಕರ ಚಿಂತೆ ಇತ್ತು. ಮೊದಲು ಹಡಗುಗಳ ಆದಾಯದಲ್ಲಿ ದೊಡ್ಡ ಪಾಲು ಕೆಳಗಿನ ಅಂತಸ್ತಿನಲ್ಲಿ ಅಮೆರಿಕಕ್ಕೆ ವಲಸೆ ಹೋಗುವ ಬಡವರಿಂದ ಬರುತ್ತಿತ್ತು. 1921 ಮತ್ತು 1924ರ ಅಮೆರಿಕದ ಕಾನೂನುಗಳು ವಲಸೆಗೆ ಮಿತಿ ಹಾಕಿದವು. ಖಾಲಿಯಾದ ಜಾಗವನ್ನೇ ಸ್ವಲ್ಪ ಚೆನ್ನಾಗಿ ಮಾಡಿ, ಟೂರಿಸ್ಟ್ ಥರ್ಡ್ ಎಂದು ಹೆಸರಿಟ್ಟು, ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ ಮಾರಿದರು. ಊರು ಬಿಟ್ಟು ಹೋಗಲೇಬೇಕಾದವರಿಗೆ ದರ, ದಿನಾಂಕ ತಿಳಿಸಿದರೆ ಸಾಕು. ಸುತ್ತಾಡಲು ಹೋಗುವವರಿಗೆ ಆಸೆ ಹುಟ್ಟಿಸಬೇಕು.

ಪ್ರಶ್ನೆ ಕೇಳಿದವರು: ಮೇಡಂ, ಮಸೂರ ತಂದು ನೋಡಿದೆ. ಚುಕ್ಕಿಗಳು ಸಾಲಾಗಿವೆ, ಸಣ್ಣ ಹೂವಿನ ಹಾಗೆ. ಎತ್ತರ 70 ಸೆಂ.ಮೀ. ಮಾತ್ರ. ತುಂಬಾ ಬೇಜಾರಾಯಿತು.

ಉತ್ತರ: ಹಾಗಿದ್ದರೆ ಮರುಮುದ್ರಣವೇ ಸರ್. ಕೊಟ್ಟ ದುಡ್ಡಿನ ಬಗ್ಗೆ ನನಗೂ ಬೇಸರವಿದೆ. ಆದರೆ ಚಿತ್ರ ಅದೇ, ಸಂತೋಷವಾಗಿ ಗೋಡೆಗೆ ಹಾಕಿ. ಫ್ರೇಮ್ ಮಾಡಿಸುವಾಗ ಗಾಜು ಕಾಗದಕ್ಕೆ ತಾಗದಂತೆ ಮಧ್ಯೆ ಮೌಂಟ್ ಬೋರ್ಡ್, ಅಂದರೆ ದಪ್ಪ ರಟ್ಟಿನ ಅಂಚು ಕೊಡಿಸಿ, ಇಲ್ಲವಾದರೆ ನಿಮ್ಮ ಕಡೆಯ ಜೂನ್ ಜುಲೈನಲ್ಲಿ ಬೂಷ್ಟು ಹಿಡಿದು ಗಾಜಿಗೇ ಅಂಟಿಕೊಳ್ಳುತ್ತದೆ. ಮಳೆ ಹೊಡೆಯುವ ಹೊರಗೋಡೆ ಬೇಡ, ಬಿಸಿಲು ಬೀಳುವ ಜಾಗವೂ ಬೇಡ.

ಮತ್ತೊಬ್ಬ ಸದಸ್ಯರು: ಅಕ್ಕ, ನಮ್ಮ ಅಜ್ಜ ಪಿ ಅಂಡ್ ಓ ಎಂಬ ಬ್ರಿಟಿಷ್ ಕಂಪನಿಯ ಹಡಗಿನಲ್ಲಿ ಲಂಡನ್‌ಗೆ ಓದಲು ಹೋಗಿದ್ದರು. ಅವರ ಟ್ರಂಕಿನ ಮೇಲೆ "ನಾಟ್ ವಾಂಟೆಡ್ ಆನ್ ವಾಯೇಜ್" ಎಂಬ ಚೀಟಿ ಇದೆ. ಬಿಡಿಸಿ ಆಲ್ಬಮ್‌ಗೆ ಹಾಕಲಾ?

ಉತ್ತರ: ಬಿಡಿಸಬೇಡಿ ತಮ್ಮಾ, ದಯವಿಟ್ಟು. ದಾರಿಯಲ್ಲಿ ಈ ಪೆಟ್ಟಿಗೆ ಬೇಕಾಗಿಲ್ಲ, ಕೆಳಗಿನ ಸರಕಿನ ಕೋಣೆಗೆ ಹಾಕಿ ಅಂತ ಅದರ ಅರ್ಥ. ಕಂಪನಿಯ ಹೆಸರಿರುವ ಆ ಚೀಟಿ ರೈಲ್ವೆ ಸ್ಟೇಷನ್ನು, ಹೋಟೆಲು ಎಲ್ಲ ಸುತ್ತುತ್ತಿತ್ತು, ಅದೂ ಒಂದು ಜಾಹೀರಾತೇ. ಟ್ರಂಕಿನ ಮೇಲಿದ್ದರೆ ಅದು ಅಜ್ಜನ ಪ್ರಯಾಣ, ಕಿತ್ತರೆ ಒಂದು ತುಂಡು ಕಾಗದ. ಒಣಗಿದ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೆದು ಇಲ್ಲಿ ಹಾಕಿ, ನಾನೂ ನೋಡಬೇಕು.